ಎರಡನೇ ಸಾಲಿನ ಪೇಂಟರ್

ದೊಡ್ಡಪ್ಪನ ಕೆಲಸದ ಕೋಣೆಯಲ್ಲಿ ಬ್ರಷ್ಷಿನ ಡಬ್ಬಿಗಳ ಮೇಲ್ಗಡೆ ಒಂದು ಮೊಳೆ ಇದೆ. ಮೂರು ವರ್ಷ ಆ ಮೊಳೆಗೆ ಒಂದೇ ಅಂಗಿ ತೂಗುತ್ತಿತ್ತು. ಬಿಳಿ ಅಂಗಿ, ಮುಂಭಾಗದ ಕೆಳತುದಿಯಲ್ಲಿ ಅಂಗೈಯಗಲದ ನೀಲಿ ಕಲೆ. ಒಗೆಯಲೆಂದು ದೊಡ್ಡಮ್ಮ ಅದಕ್ಕೆ ಕೈಹಾಕಿದರೆ ದೊಡ್ಡಪ್ಪ ತಿರುಗಿಯೂ ನೋಡದೆ, "ಅದನ್ನ ಮುಟ್ಬೇಡ. ಅದರ ಕೆಲಸ ಇನ್ನೂ ಮುಗಿದಿಲ್ಲ" ಅನ್ನುತ್ತಿದ್ದ.

ಆ ಕೆಲಸ ಹೇಗೆ ಮುಗಿಯಿತು ಅನ್ನುವುದನ್ನು ಬರೆಯುತ್ತೇನೆ. ನಾನು ಕಂಡದ್ದು ಸ್ವಲ್ಪ, ದೊಡ್ಡಮ್ಮ ಹೇಳಿದ್ದು ಹೆಚ್ಚು. ದೊಡ್ಡಪ್ಪನನ್ನು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಬರಿ. ಆದ್ರೆ ನನ್ನನ್ನ ಒಳ್ಳೆಯವನನ್ನಾಗಿ ಮಾಡ್ಬೇಡ."

ನಮ್ಮ ಊರಿನಲ್ಲಿ ಎರಡು ಭಾಷೆಗಳಿವೆ. ದೊಡ್ಡ ಭಾಷೆ ನಗರಸಭೆಯದು, ಪೊಲೀಸ್ ಠಾಣೆಯದು, ಆಸ್ಪತ್ರೆಯದು. ನಮ್ಮದು ರೈಲು ಹಳಿಯ ಆಚೆಗಿನ ನಾಲ್ಕು ವಾರ್ಡುಗಳ ಮನೆಮಾತು. ಲಿಪಿಯೂ ಬೇರೆ. ದೊಡ್ಡಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ನಮ್ಮ ಲಿಪಿಯನ್ನು ಮಾತ್ರ ಓದಬಲ್ಲವಳಾಗಿದ್ದಳು. ಒಂದು ಬೆಳಿಗ್ಗೆ ಎದೆ ನೋಯುತ್ತಿದೆ ಎಂದು ಒಬ್ಬಳೇ ಆಸ್ಪತ್ರೆಗೆ ಹೋದವಳು ಕಣ್ಣಿನ ವಿಭಾಗದ ಬಾಗಿಲಲ್ಲಿ ನಾಲ್ಕು ಗಂಟೆ ಕೂತಿದ್ದಳು. ಬಾಗಿಲ ಮೇಲಿನ ಬೋರ್ಡು ಅವಳಿಗೆ ಓದಲು ಬರಲಿಲ್ಲ. ಕೇಳೋಣವೆಂದರೆ ಕೇಳುವ ಭಾಷೆಯೂ ಬರಲಿಲ್ಲ. ಯಾರೋ ಸರಿಯಾದ ಬಾಗಿಲಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು.

ಅವಳು ಸಾಯುವ ಹೊತ್ತಿಗೆ ಅವಳ ಮಗ, ನನ್ನ ದೊಡ್ಡಪ್ಪ, ಊರಿನ ಅರ್ಧ ಬೋರ್ಡುಗಳನ್ನು ಬರೆದ ಪೇಂಟರ್ ಆಗಿದ್ದ. ತಾಯಿ ಕೂತಿದ್ದ ಬಾಗಿಲಿನ ಬೋರ್ಡನ್ನೂ ಅವನೇ ಬರೆದಿದ್ದ. ದೊಡ್ಡ ಭಾಷೆಯಲ್ಲಿ, ತುಂಬಾ ಚಂದವಾಗಿ.

ಅದಾದ ಮೇಲೆ ದೊಡ್ಡಪ್ಪ ಸಂಘ ಸೇರಿದ. ಸಂಘದ ಪೂರ್ತಿ ಹೆಸರು ಅಲ್ಪಸಂಖ್ಯಾತ ಭಾಷಿಕರ ಹಕ್ಕು ರಕ್ಷಣಾ ಸಂಘ. ಅಷ್ಟನ್ನೂ ಒಂದೇ ಬೋರ್ಡಿನಲ್ಲಿ ಹಿಡಿಸುವಷ್ಟರಲ್ಲಿ ದೊಡ್ಡಪ್ಪನಿಗೆ ಬೆವರಿಳಿದಿತ್ತಂತೆ. "ಹಕ್ಕು ಸಿಗೋದು ಆಮೇಲೆ, ಮೊದಲು ಹೆಸರು ಚಿಕ್ಕದು ಮಾಡ್ರಪ್ಪ" ಅಂದಿದ್ದನಂತೆ. ಟೈರ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಎರಡು ಡಜನ್ ಕುರ್ಚಿ, ಒಂದು ಬೀರು. ಗೋಡೆಗೆ ಒಂದು ಮರದ ಹಲಗೆ, ಅದರ ಮೇಲೆ ನಂಬರು ಹಾಕಿ ಸದಸ್ಯರ ಹೆಸರುಗಳು. ಹಲಗೆ ಬರೆದವನೂ ದೊಡ್ಡಪ್ಪನೇ. ಮೇಲಿನಿಂದ ಒಂಬತ್ತನೆಯದು ಅವನ ಹೆಸರು. ಅಧ್ಯಕ್ಷರು ನಿವೃತ್ತ ಶಾಲಾ ಮೇಷ್ಟ್ರು. ಈಗಲೂ ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಾರೆ.

ಸಂಘ ಏಳು ವರ್ಷ ಓಡಾಡಿತು. ಕೊನೆಗೆ ನಗರಸಭೆಯ ಹಿಂದಿನ ಆಡಳಿತ ಒಪ್ಪಿ ನಿರ್ಣಯ ಮಾಡಿತು. ನಮ್ಮ ನಾಲ್ಕು ವಾರ್ಡುಗಳಲ್ಲಿ ಮತ್ತು ಆಸ್ಪತ್ರೆಯಲ್ಲಿ ಪ್ರತಿ ಬೋರ್ಡಿನ ಮೇಲೂ ದೊಡ್ಡ ಭಾಷೆಯ ಕೆಳಗೆ ನಮ್ಮ ಭಾಷೆಯ ಒಂದು ಸಾಲು ಇರಬೇಕು. ಒಟ್ಟು ಎಂಬತ್ತಾರು ಬೋರ್ಡು. ಬರೆಯುವ ಕೆಲಸ ದೊಡ್ಡಪ್ಪನಿಗೇ ಬಂತು.

ಕೆಲಸ ನೋಡಿಕೊಳ್ಳಲು ನಗರಸಭೆ ಒಬ್ಬ ಮೇಲ್ವಿಚಾರಕನನ್ನು ನೇಮಿಸಿತ್ತು. ಅವನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಉಕ್ಕಿನ ಅಡಿಪಟ್ಟಿ ಇರುತ್ತಿತ್ತು. ಚಹಾ ಕೊಟ್ಟರೆ ಲೋಟದಲ್ಲಿ ಎಷ್ಟು ಬೆರಳು ಇದೆ ಎಂದು ನೋಡುವ ಜಾತಿ. ನಮ್ಮವರು ಅವನಿಗೆ ಅಡಿಪಟ್ಟಿ ಸಾಹೇಬ ಎಂದು ಹೆಸರಿಟ್ಟಿದ್ದರು.

ಆಸ್ಪತ್ರೆಯ ಹೆಬ್ಬಾಗಿಲಿನ ಬೋರ್ಡು ಬರೆಯುವ ದಿನ ದೊಡ್ಡಪ್ಪ ಹೊಸ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದ. ತಾಯಿಯ ನೆನಪಿಗೆ ಇರಬೇಕು. 'ಎದೆಯ ವಿಭಾಗ ಬಲಕ್ಕೆ, ಕಣ್ಣಿನ ವಿಭಾಗ ಎಡಕ್ಕೆ' ಎಂದು ನಮ್ಮ ಲಿಪಿಯಲ್ಲಿ ಕೊನೆಯ ಅಕ್ಷರ ಎಳೆದು ಏಣಿ ಇಳಿದ. ಅಡಿಪಟ್ಟಿ ಸಾಹೇಬ ಏಣಿ ಹತ್ತಿ ಅಳೆದ.

"ಎರಡೂವರೆ ಇಂಚು ಇದೆ. ಎರಡೇ ಇರ್ಬೇಕು. ಅಳಿಸು."

"ಸಾರ್, ವಯಸ್ಸಾದೋರಿಗೆ ದೂರದಿಂದ ಕಾಣ್ಲಿ ಅಂತ—"

"ವಯಸ್ಸಾದೋರು ಹತ್ತಿರ ಬಂದು ನೋಡ್ಲಿ. ಅಳಿಸು."

ದೊಡ್ಡಪ್ಪ ಚೀಲದಲ್ಲಿ ಚಿಂದಿ ಹುಡುಕತೊಡಗಿದ. ಸಾಹೇಬ ನಕ್ಕ. "ಚಿಂದಿ ಯಾಕೆ ಹುಡುಕ್ತೀಯ? ಮೈಮೇಲೇ ಇದೆಯಲ್ಲ."

ಸುತ್ತ ರೋಗಿಗಳಿದ್ದರು, ಕಾವಲುಗಾರ ಇದ್ದ, ನಮ್ಮವರೂ ಇದ್ದರು. ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಅಂಗಿಯ ತುದಿ ಹಿಡಿದು ಹಸಿ ಬಣ್ಣ ಒರೆಸಿದ. ಆಮೇಲೆ ಎರಡು ಇಂಚಿನಲ್ಲಿ ಮತ್ತೆ ಬರೆದ. ಕೈ ಒಂದು ಕಡೆಯೂ ನಡುಗಲಿಲ್ಲವಂತೆ. "ನಡುಗಿದ್ರೆ ಅಕ್ಷರ ಹಾಳಾಗ್ತಿತ್ತು. ಅಕ್ಷರ ಏನು ತಪ್ಪು ಮಾಡಿತ್ತು?" ಅನ್ನುತ್ತಾನೆ. ಮನೆಗೆ ಬಂದು ಅಂಗಿಯನ್ನು ಮೊಳೆಗೆ ಹಾಕಿದ.

ವರ್ಷ ಕಳೆಯಿತು. ನಗರಸಭೆಯ ಆಡಳಿತ ಬದಲಾಯಿತು. ಹೊಸಬರಿಗೆ ಎರಡನೇ ಸಾಲು ಕಣ್ಣಿಗೆ ಬಿದ್ದ ಮರಳಿನ ಹಾಗಿತ್ತು. ಅಡಿಪಟ್ಟಿ ಸಾಹೇಬ ದೊಡ್ಡಪ್ಪನನ್ನು ಕಚೇರಿಗೆ ಕರೆಸಿದ.

"ಎಂಬತ್ತಾರು ಬೋರ್ಡಲ್ಲೂ ಕೆಳಗಿನ ಸಾಲಿನ ಮೇಲೆ ಬಿಳಿ ಬಣ್ಣ ಬಳಿದು ಮುಚ್ಚಬೇಕು. ಬರೆದವನು ನೀನು, ಮುಚ್ಚೋನೂ ನೀನೇ ಆಗ್ಲಿ."

"ಒಂದು ಕಾಗದ ಕೊಡಿ ಸಾರ್, ಆದೇಶ ಅಂತ."

"ಕಾಗದ ಬೇರೆ ಕೇಡು. ನಿನಗಾಗಲ್ಲ ಅಂದ್ರೆ ಹೇಳು. ಹೊರಗಿನೋರು ಬರ್ತಾರೆ. ಬೆಂಕಿ ಹಿಡಿದು ತಗಡಿನ ತನಕ ಕೆರೆದು ಹಾಕ್ತಾರೆ."

ಹಾಗೆ ಕೆರೆದರೆ ಅಕ್ಷರದ ಗುರುತೂ ಉಳಿಯುವುದಿಲ್ಲ. ದೊಡ್ಡಪ್ಪ ಒಂದು ಮಧ್ಯಾಹ್ನ ಪೂರ್ತಿ ಕೋಣೆಯ ಬಾಗಿಲು ಹಾಕಿಕೊಂಡು ಕೂತ. ಎದುರಿಗೆ ಆ ಅಂಗಿ. ಸಂಜೆ ಹೋಗಿ ಕೆಲಸ ಒಪ್ಪಿಕೊಂಡ.

ಇಲ್ಲಿ ಪೇಂಟರುಗಳ ಒಂದು ವಿಷಯ ಹೇಳಬೇಕು. ಹಳೆಯ ಎಣ್ಣೆ ಬಣ್ಣದ ಮೇಲೆ ಹೊಸದು ಹಾಗೇ ಹಿಡಿಯುವುದಿಲ್ಲ. ಮೊದಲು ಉಪ್ಪುಕಾಗದದಲ್ಲಿ ತಿಕ್ಕಿ ಹಳೆಯದರ ಹೊಳಪು ತೆಗೆಯಬೇಕು. ಆಗ ಮೇಲಿನ ಬಣ್ಣ ಹಲ್ಲು ಕಚ್ಚಿದ ಹಾಗೆ ಕೂರುತ್ತದೆ, ಜನ್ಮದಲ್ಲಿ ಏಳುವುದಿಲ್ಲ. ತಿಕ್ಕದೆ ಬಳಿದರೆ ಒಂದಲ್ಲ ಒಂದು ದಿನ ಸಿಪ್ಪೆಯ ಹಾಗೆ ಬಿಡುತ್ತದೆ. ನಡುವೆ ತೆಳ್ಳಗೆ ಮೇಣ ಇದ್ದರಂತೂ ಬಿಸಿನೀರು ತಾಗಿದರೆ ಸಾಕು. ಆದರೆ ಮೇಣ ಹೆಚ್ಚಾದರೆ ಬಣ್ಣ ಬಳಿಯುವಾಗಲೇ ಕೂರುವುದಿಲ್ಲ. ಕಡಿಮೆಯಾದರೆ ಬೇಕಾದಾಗ ಏಳುವುದಿಲ್ಲ. ದೊಡ್ಡಪ್ಪ ಒಂದು ವಾರ ತಗಡಿನ ಚೂರುಗಳ ಮೇಲೆ ಹದ ನೋಡಿದ.

ಆಮೇಲೆ ಏಣಿ ಹೊತ್ತು ಹೊರಟ. ಪ್ರತಿ ಬೋರ್ಡಿನಲ್ಲೂ ಮೊದಲು ಕೆಳಗಿನ ಸಾಲನ್ನು ಒಂದು ಮೆತ್ತನೆ ಬಟ್ಟೆಯಿಂದ ಅಕ್ಷರ ಅಕ್ಷರವಾಗಿ ಉಜ್ಜುತ್ತಿದ್ದ. ಮೇಣ ಇದ್ದದ್ದು ಆ ಬಟ್ಟೆಯೊಳಗೆ. ಅಡಿಪಟ್ಟಿ ಸಾಹೇಬ ನೋಡಿ ಜೊತೆಯವರಿಗೆ ಹೇಳಿದನಂತೆ: "ಕೆಲಸ ಅಂದ್ರೆ ಇದು. ಎಷ್ಟು ಚೆನ್ನಾಗಿ ಒರೆಸಿ ಬಳೀತಾನೆ ನೋಡಿ."

ಸಂಘದಲ್ಲಿ ದೊಡ್ಡಪ್ಪ ಯಾರಿಗೂ ಹೇಳಲಿಲ್ಲ. ಸಂಘದಲ್ಲಿ ಆಡಿದ ಮಾತು ಚಹಾ ಆರುವ ಮೊದಲು ನಗರಸಭೆಯ ಮೆಟ್ಟಿಲು ಹತ್ತುತ್ತಿತ್ತು. ಅವನಿಗೆ ಕಾಯಬೇಕಿತ್ತು. ಸಂಘದ ದೂರು ರಾಜಧಾನಿಗೆ ಹೋಗಿತ್ತು. ಇವತ್ತಲ್ಲ ನಾಳೆ ವಿಚಾರಣೆಗೆ ಯಾರಾದರೂ ಬರುತ್ತಾರೆ. ಅಲ್ಲಿಯವರೆಗೆ ಅಕ್ಷರಗಳು ಬಣ್ಣದ ಕೆಳಗೆ ಉಸಿರು ಹಿಡಿದುಕೊಂಡಿರಬೇಕು.

ಇಪ್ಪತ್ತನೇ ಬೋರ್ಡು ಮುಚ್ಚುವಷ್ಟರಲ್ಲಿ ಸಂಘ ಸಭೆ ಕರೆಯಿತು. ಮೇಷ್ಟ್ರು ಎದ್ದು ನಿಂತು ಕೇಳಿದರು.

"ಯಾಕಪ್ಪಾ ಹೀಗೆ ಮಾಡ್ದೆ? ಆಸ್ಪತ್ರೆ ಬೋರ್ಡನ್ನೂ ಮುಚ್ಚಿದ್ಯಲ್ಲ, ನಿನ್ನ ತಾಯಿ ನಾಲ್ಕು ಗಂಟೆ ಕೂತ ಬಾಗಿಲು ಅದು."

"ಬಾಗಿಲು ನನಗೆ ಗೊತ್ತು ಮೇಷ್ಟ್ರೇ."

"ಏನಾದ್ರೂ ಹೇಳೋದಿದ್ರೆ ಹೇಳು."

"ಇಲ್ಲ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಏನು ಹೇಳ್ತಾನೆ? ಅಮ್ಮನ ಮಾತನ್ನೇ ಮಾರಿಕೊಂಡೋನು!"

ಹೆಸರು ತೆಗೆಯಬೇಕೇ ಎಂದು ಕೇಳಿದಾಗ ಮೂವತ್ತೊಂಬತ್ತು ಕೈಗಳು ಮೇಲೆದ್ದವು. ಅದರಲ್ಲಿ ದೊಡ್ಡಮ್ಮನ ತಮ್ಮನ ಕೈಯೂ ಒಂದು. ದೊಡ್ಡಪ್ಪನ ಹತ್ತಿರವೇ ಹತ್ತು ವರ್ಷ ಕೆಲಸ ಕಲಿತವನು. ಹಲಗೆಯ ಮೇಲಿನ ಒಂಬತ್ತನೇ ಹೆಸರನ್ನು ಮುಚ್ಚುವ ಕೆಲಸವನ್ನೂ ಅವನಿಗೇ ಕೊಟ್ಟರು. ದೊಡ್ಡಪ್ಪ ಕೈ ಎತ್ತಿದವರ ಮುಖಗಳನ್ನು ಒಂದೊಂದಾಗಿ, ಅವಸರವಿಲ್ಲದೆ, ಬೋರ್ಡು ಓದುವ ಹಾಗೆ ಓದಿಕೊಂಡು ಮೆಟ್ಟಿಲಿಳಿದ.

ಆಮೇಲಿನ ಎರಡು ವರ್ಷ ದೊಡ್ಡಮ್ಮನಿಗೆ ಕಷ್ಟದ್ದು. ನಲ್ಲಿಯ ಹತ್ತಿರ ಅವಳು ಬಂದರೆ ಬಿಂದಿಗೆಗಳು ಪಕ್ಕಕ್ಕೆ ಸರಿಯುತ್ತಿದ್ದವು. "ಬನ್ನಿ ಬನ್ನಿ, ನಿಮ್ಮೆಜಮಾನ್ರು ಬಳಿದ ಬಿಳೀ ಬಣ್ಣ ತುಂಬಾ ಹೊಳೀತಿದೆ" ಎಂದು ಚುಚ್ಚುತ್ತಿದ್ದರು. ಮೊದಲ ತಿಂಗಳು ಅವಳು ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದಳು. ಗಂಡನ ಹತ್ತಿರ ಮಾತು ಬಿಟ್ಟಿದ್ದಳು. ಒಂದು ದಿನ ಕೋಣೆ ಗುಡಿಸುವಾಗ ಮೂಲೆಯಲ್ಲಿ ಉಪ್ಪುಕಾಗದದ ಕಟ್ಟು ಕಂಡಿತು. ಅವಳು ಪೇಂಟರನ ಹೆಂಡತಿ. ಒಂದು ಬೋರ್ಡಿಗೆ ಎಷ್ಟು ಹಾಳೆ ಬೇಕೆಂದು ಅವಳಿಗೆ ಗೊತ್ತು. ಕಟ್ಟಿನ ದಾರವನ್ನೇ ಬಿಚ್ಚಿರಲಿಲ್ಲ.

"ರೀ," ಅಂದಳು, ತಿಂಗಳ ಮೇಲೆ ಮೊದಲ ಮಾತು, "ಅಷ್ಟೊಂದು ಬೋರ್ಡು ಮುಚ್ಚಿದ್ರಿ. ಉಪ್ಪುಕಾಗದ ಒಂದೂ ಖರ್ಚಾಗಿಲ್ವಲ್ಲ?"

ದೊಡ್ಡಪ್ಪ ತುಟಿಯ ಮೇಲೆ ಬೆರಳಿಟ್ಟ. ಅವಳು ಅಂಗಿಯತ್ತ ನೋಡಿದಳು, ಕಟ್ಟಿನತ್ತ ನೋಡಿದಳು, ಪೊರಕೆ ಹಿಡಿದೇ ನೆಲದ ಮೇಲೆ ಕೂತು ನಕ್ಕಳು. ಮರುದಿನದಿಂದ ನಲ್ಲಿಯ ಹತ್ತಿರ ಯಾರು ಏನಂದರೂ, "ಹೌದಮ್ಮ, ಹೊಳೀತಿದೆ" ಎಂದು ತಾನೂ ಒಪ್ಪಿಕೊಂಡು ಬರುತ್ತಿದ್ದಳು. ಯಾರು ಯಾವ ಮಾತು ಆಡಿದರು ಅನ್ನುವುದನ್ನು ಮಾತ್ರ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಳು. ನನಗೆ ಹೇಳುವಾಗ ಬೆರಳು ಮಡಿಸಿ ಮಡಿಸಿ ಹೇಳಿದಳು.

ಎರಡನೇ ಬೇಸಿಗೆಯಲ್ಲಿ ಬಸ್ ನಿಲ್ದಾಣದ ಬೋರ್ಡು ಬಿಸಿಲಿಗೆ ಸ್ವಲ್ಪ ಉಬ್ಬಿತು. ದೊಡ್ಡಪ್ಪ ಓಡಿಹೋಗಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಮೇಲೆ ಇನ್ನೊಂದು ಕೈ ಬಣ್ಣ ಬಳಿದು ಬಂದ. ನೋಡಿದವರು ಉಗಿದರು. "ಅವರು ಹೇಳದಿದ್ರೂ ಬಂದು ಬಳೀತಾನೆ, ನಿಯತ್ತು ನೋಡು!"

ಕೊನೆಗೂ ವಿಚಾರಣೆ ಬಂತು. ರಾಜಧಾನಿಯಿಂದ ಒಬ್ಬ ಹೆಂಗಸು, ವಿಚಾರಣಾಧಿಕಾರಿ, ಬರುತ್ತಾರೆ ಎಂದು ಗೊತ್ತಾಯಿತು. ಕಾನೂನಿನ ಪ್ರಕಾರ, ಒಮ್ಮೆ ಕೊಟ್ಟ ಸಾಲನ್ನು ಜನರ ಮಾತು ಕೇಳದೆ ಕಿತ್ತುಕೊಳ್ಳುವಂತಿಲ್ಲ. ಹಾಗಾಗಿ ನಗರಸಭೆ ಬೇರೆಯೇ ದಾರಿ ಹಿಡಿಯಿತು. ಕೊಟ್ಟೇ ಇರಲಿಲ್ಲ ಎಂದು ಬರೆದುಕೊಟ್ಟಿತು. ಎರಡನೇ ಸಾಲು ಯಾವ ಬೋರ್ಡಿನಲ್ಲೂ ಯಾವತ್ತೂ ಇರಲಿಲ್ಲ. ನಿರ್ಣಯದ ಪುಟ ಪುಸ್ತಕದಲ್ಲಿ ಇರಲಿಲ್ಲ, ಹರಿದ ಅಂಚು ಮಾತ್ರ ಇತ್ತು. ಸಂಘದ ಬೀರುವಿನಲ್ಲಿ ಹುಡುಕಿದರೆ ಮೂರು ಮಸುಕು ಫೋಟೋ ಸಿಕ್ಕವು. ಬೀದಿ ಬೋರ್ಡಿನ ಫೋಟೋ ಯಾರು ತೆಗೆದಿಟ್ಟಿರುತ್ತಾರೆ? "ಅವು ಬೇರೆ ಊರಿನವು" ಎಂದು ಅಡಿಪಟ್ಟಿ ಸಾಹೇಬ ತಳ್ಳಿಹಾಕಿದ. ಇದರಲ್ಲಿ ಸೋತರೆ ಆ ಸಾಲು ಇನ್ನು ಯಾವತ್ತೂ ಬರುವುದಿಲ್ಲ ಎಂದು ಮೇಷ್ಟ್ರು ಸಭೆಯಲ್ಲಿ ಕಣ್ಣೊರೆಸಿಕೊಂಡರಂತೆ.

ದೊಡ್ಡಪ್ಪ ಈ ಸುದ್ದಿ ಕೇಳಿ ಅವತ್ತು ಎರಡು ತಟ್ಟೆ ಊಟ ಮಾಡಿದ. "ಮುಚ್ಚಿದ್ವಿ ಅಂದಿದ್ರೆ ಸಾಹೇಬ ಬದುಕಿಕೊಳ್ತಿದ್ದ," ಅಂದ. "ಇರಲೇ ಇಲ್ಲ ಅಂದ. ಇನ್ನು ನನ್ನ ಕೈಗೆ ಸಿಕ್ಕ."

ವಿಚಾರಣೆಗೆ ಮೂರು ದಿನ ಮುಂಚೆ ಅಡಿಪಟ್ಟಿ ಸಾಹೇಬ ತಾನಾಗಿಯೇ ಕರೆಸಿ ಹೇಳಿದ. ಬೋರ್ಡುಗಳೆಲ್ಲ ಧೂಳು ಹಿಡಿದಿವೆ, ಒರೆಸಿ ಫಳಫಳ ಮಾಡು.

"ಈಗಲೇ ಒರೆಸಿದ್ರೆ ಮತ್ತೆ ಧೂಳು ಕೂರುತ್ತೆ ಸಾರ್," ಅಂದ ದೊಡ್ಡಪ್ಪ. "ಅವತ್ತು ಬೆಳಿಗ್ಗೆಯೇ ಶುರು ಮಾಡ್ತೀನಿ. ಆಸ್ಪತ್ರೆಯಿಂದ."

"ಬುದ್ಧಿವಂತ ಕಣಯ್ಯ ನೀನು," ಅಂದ ಸಾಹೇಬ.

ಆ ಬೆಳಿಗ್ಗೆ ದೊಡ್ಡಪ್ಪ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡ. ಮೂರು ವರ್ಷದಲ್ಲಿ ಹೊಟ್ಟೆ ಬಂದಿತ್ತು, ಗುಂಡಿ ಹಾಕಲು ದೊಡ್ಡಮ್ಮ ಎಳೆಯಬೇಕಾಯಿತು. ಅವಳು ಎರಡು ದೊಡ್ಡ ಕೆಟಲಿನಲ್ಲಿ ಕುದಿಯುವ ನೀರು ತುಂಬಿಕೊಂಡು ಹಿಂದೆ ಹೊರಟಳು. ನಾನೂ ಹೋದೆ.

ಹತ್ತು ಗಂಟೆಗೆ ಕಾರು ಬಂತು. ವಿಚಾರಣಾಧಿಕಾರಿ ಇಳಿದರು. ಎದುರು ಕಾಲುದಾರಿಯಲ್ಲಿ ಸಂಘದವರು ಫೈಲು ಹಿಡಿದು ನಿಂತಿದ್ದರು. ಏಣಿಯ ಮೇಲೆ ದೊಡ್ಡಪ್ಪನನ್ನು ಕಂಡು ಒಬ್ಬ, "ನೋಡ್ರೋ, ಇವತ್ತೂ ಚಾಕರಿಗೆ ಹಾಜರು" ಅಂದದ್ದು ನನ್ನ ಕಿವಿಗೇ ಬಿತ್ತು.

"ನೋಡಿ ಮೇಡಂ, ಒಂದೇ ಸಾಲು," ಅಂದ ಅಡಿಪಟ್ಟಿ ಸಾಹೇಬ. "ಮೊದಲಿನಿಂದ್ಲೂ ಹೀಗೇ. ಬೇರೆ ಏನೂ ಇರಲಿಲ್ಲ."

ದೊಡ್ಡಪ್ಪ ಮೇಲಿನಿಂದ ಕೇಳಿದ. "ಸಾರ್, ಒರೆಸ್ಲಾ?"

"ಒರೆಸಯ್ಯ. ಅದಕ್ಕೂ ಅಪ್ಪಣೆ ಬೇಕಾ?"

"ಎಲ್ಲರ ಮುಂದೆ ನೀವೇ ಹೇಳಿದ್ರೆ ಒಳ್ಳೇದು ಅಂತ. ಚಿಂದಿ ತರೋದು ಮರೆತೆ ಸಾರ್. ಪರವಾಗಿಲ್ಲ, ಮೈಮೇಲೇ ಇದೆಯಲ್ಲ."

ಅಂಗಿ ಬಿಚ್ಚಿದ. ಬರೀ ಬನಿಯನ್ನಿನಲ್ಲಿ ಏಣಿಯ ಮೇಲೆ ನಿಂತು, ದೊಡ್ಡಮ್ಮ ಎತ್ತಿ ಹಿಡಿದ ಕೆಟಲಿನ ನೀರಿನಲ್ಲಿ ಅಂಗಿ ನೆನೆಸಿ, ಬೋರ್ಡಿನ ಕೆಳಭಾಗಕ್ಕೆ ಒತ್ತಿ ಹಿಡಿದ. ನಾನು ಮನಸ್ಸಿನಲ್ಲಿ ಎಣಿಸಿದೆ, ಇಪ್ಪತ್ತರ ತನಕ ಅವನು ಅಲ್ಲಾಡಲಿಲ್ಲ. ಆಮೇಲೆ ಎಡದಿಂದ ಬಲಕ್ಕೆ ಒಂದೇ ಸಲ ಎಳೆದ. ಬಿಳಿ ಬಣ್ಣ ಹಾಲಿನ ಕೆನೆಯ ಹಾಗೆ ಸುರುಳಿ ಸುತ್ತಿಕೊಂಡು ಸಾಹೇಬನ ಬೂಟಿನ ಮೇಲೆ ಬಿತ್ತು. ಕೆಳಗೆ ನೀಲಿ ಅಕ್ಷರಗಳು, ನಿನ್ನೆ ಬರೆದ ಹಾಗೆ. ಎದೆಯ ವಿಭಾಗ ಬಲಕ್ಕೆ. ಕಣ್ಣಿನ ವಿಭಾಗ ಎಡಕ್ಕೆ. ಮೂಲೆಯಲ್ಲಿ ಪೇಂಟರುಗಳು ಹಾಕುವ ಸಣ್ಣ ತಾರೀಖು.

ದೊಡ್ಡಪ್ಪ ಕೆಳಗೆ ನೋಡಿದ.

"ಸಾಹೇಬ್ರೇ, ಅಳತೆ ನೋಡಿ. ಸರಿಯಾಗಿ ಎರಡು ಇಂಚು. ನೀವೇ ಹೇಳಿದ್ದು."

ಅಡಿಪಟ್ಟಿ ಸಾಹೇಬ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ವಿಚಾರಣಾಧಿಕಾರಿ ತಾರೀಖನ್ನು ಬರೆದುಕೊಂಡು ಕೇಳಿದರು. "ಇಂಥವು ಇನ್ನೆಷ್ಟಿವೆ?"

"ಎಂಬತ್ತೈದು ಮೇಡಂ."

"ನಡೀರಿ."

"ಒಬ್ಬನಿಗೇ ಆಗಲ್ಲ ಮೇಡಂ, ಏಣಿ ಜಾರುತ್ತೆ. ಸಾಹೇಬ್ರು ಹಿಡ್ಕೊಂಡ್ರೆ ಧೈರ್ಯ."

ಅವರು ಸಾಹೇಬನ ಮುಖ ನೋಡಿ, "ಹಿಡ್ಕೊಳ್ಳಿ" ಅಂದರು. ಹನ್ನೊಂದು ಬೋರ್ಡುಗಳಿಗೆ ಅವನು ಏಣಿ ಹಿಡಿದ. ಹನ್ನೊಂದು ಸಲವೂ ದೊಡ್ಡಪ್ಪ ಮೇಲಿನಿಂದ "ಅಳತೆ ನೋಡಿ ಸಾಹೇಬ್ರೇ" ಅಂದ, ಅವನು ಅಡಿಪಟ್ಟಿ ತೆಗೆದು ಅಳೆಯಬೇಕಾಯಿತು. ಬೀದಿಯ ಜನ ಹಿಂದೆ ಹಿಂದೆ ಬಂದರು. ಸಾಕು, ಗೊತ್ತಾಯಿತು ಎಂದು ವಿಚಾರಣಾಧಿಕಾರಿ ಹೇಳಿದ ಮೇಲೂ ದೊಡ್ಡಪ್ಪ ನಿಲ್ಲಿಸಲಿಲ್ಲ. ಮಾರನೇ ದಿನ ಸಂಜೆಯೊಳಗೆ ಎಂಬತ್ತಾರನ್ನೂ ಒರೆಸಿದ. ಅಂಗಿ ಅಂಗಿಯಾಗಿ ಉಳಿಯಲಿಲ್ಲ.

ಸಾಲುಗಳು ಉಳಿದವು. ಅಡಿಪಟ್ಟಿ ಸಾಹೇಬನನ್ನು ನಗರಸಭೆಯ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಅವನು ಪೊರಕೆ, ಬಕೆಟ್ಟು ನೋಡಿಕೊಳ್ಳುತ್ತಾನೆ. ಕಚೇರಿಯ ಬಾಗಿಲ ಮೇಲಿದ್ದ ಅವನ ಹೆಸರನ್ನು ಮುಚ್ಚಲು ಕರೆದದ್ದು ದೊಡ್ಡಪ್ಪನನ್ನೇ. ಅವತ್ತು ಉಪ್ಪುಕಾಗದದ ಕಟ್ಟು ಬಿಚ್ಚಿದ. ಮೂರು ಹಾಳೆ ಸವೆಯುವ ತನಕ ತಿಕ್ಕಿದನಂತೆ.

ಆ ವಾರ ಮೇಷ್ಟ್ರು, ದೊಡ್ಡಮ್ಮನ ತಮ್ಮ, ಇನ್ನೂ ನಾಲ್ಕು ಜನ ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ದೊಡ್ಡಮ್ಮ ಬಾಗಿಲು ತೆರೆದು, "ಬನ್ನಿ ಬನ್ನಿ, ಹುಷಾರು, ಗೋಡೆ ಮುಟ್ಬೇಡಿ. ಇಲ್ಲಿ ಬಳಿದಿದ್ದು ಯಾವಾಗ ಏಳುತ್ತೋ ಹೇಳಕ್ಕಾಗಲ್ಲ" ಅಂದಳು.

"ತಪ್ಪಾಯ್ತಪ್ಪ," ಅಂದರು ಮೇಷ್ಟ್ರು. "ನಮಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಇವತ್ತು ನೀವು ಸೋತು ಬರ್ತಿದ್ರಿ."

"ಭಾವ," ಅಂದ ದೊಡ್ಡಮ್ಮನ ತಮ್ಮ, ತಲೆ ತಗ್ಗಿಸಿಕೊಂಡು, "ನಿಮ್ಮ ಹೆಸರು ಮತ್ತೆ ನಾನೇ ಬರೀತೀನಿ. ನಾಳೆಯೇ."

ದೊಡ್ಡಪ್ಪ ಅವರ ಜೊತೆಯೇ ಸಂಘಕ್ಕೆ ನಡೆದ. ಎರಡು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದ. ಹಲಗೆಯ ಒಂಬತ್ತನೇ ಜಾಗಕ್ಕೆ ಹೋಗಿ ಹೆಬ್ಬೆರಳ ಉಗುರಿನಿಂದ ಕೆರೆದ. ಏಳಲಿಲ್ಲ. ಅಂಚು ಹುಡುಕಿದ. ಅಂಚೇ ಇರಲಿಲ್ಲ.

"ಎಷ್ಟು ಹಾಳೆ ತಿಕ್ಕಿದ್ಯೋ?"

ದೊಡ್ಡಮ್ಮನ ತಮ್ಮ ಹಲಗೆಯತ್ತ ನೋಡಿದ. "ಎರಡು, ಭಾವ. ನೀವು ಕಲಿಸಿದ ಹಾಗೇ."

"ಕೆಲಸ ಚೆನ್ನಾಗಿ ಕಲ್ತಿದ್ದೀಯ ಕಣೋ," ಅಂದ ದೊಡ್ಡಪ್ಪ. ಅದು ಹೊಗಳಿಕೆಯೂ ಆಗಿತ್ತು. ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು ಎಂದು ಆ ಮಾವ ಆಮೇಲೆ ನನ್ನ ಹತ್ತಿರ ಹೇಳಿದ.

ಮೇಷ್ಟ್ರು ಕುರ್ಚಿ ಎಳೆದರು. ದೊಡ್ಡಪ್ಪ ಕೂರಲಿಲ್ಲ.

"ಇಲ್ಲಿ ಯಾರೂ ಏನೂ ಬರೀಬೇಡಿ. ಈ ಜಾಗ ಹೀಗೇ ಖಾಲಿ ಇರ್ಲಿ. ಹೊಸಬರು ಬಂದಾಗ ಇದೇನು ಖಾಲಿ ಅಂತ ಕೇಳ್ತಾರೆ. ಕೇಳಿದಾಗ ಅವತ್ತು ಕೈ ಎತ್ತಿದೋರಲ್ಲಿ ಒಬ್ಬರು ಎದ್ದು ನಿಂತು ಪೂರ್ತಿ ಹೇಳಬೇಕು. ಕೂತ್ಕೊಂಡು ಹೇಳೋ ಹಾಗಿಲ್ಲ. ಇದನ್ನ ಸಂಘದ ನಿಯಮದಲ್ಲಿ ಬರ್ಕೊಳ್ಳಿ. ಆಗ ಬೋರ್ಡಿನ ಕೆಲಸ ಮುಂದುವರಿಸ್ತೀನಿ."

ಬರೆದುಕೊಂಡರು. ಬೇರೆ ದಾರಿ ಇರಲಿಲ್ಲ.

ಹೋದ ತಿಂಗಳು ಆಸ್ಪತ್ರೆಯ ಹೊಸ ನರ್ಸ್ ಒಬ್ಬಳು ಸದಸ್ಯೆಯಾಗಿ ಬಂದಳು. ಹಲಗೆ ಓದುತ್ತಾ ಓದುತ್ತಾ, "ಎಂಟಾದ ಮೇಲೆ ಹತ್ತು ಇದೆಯಲ್ಲ, ಒಂಬತ್ತು ಎಲ್ಲಿ?" ಎಂದು ಕೇಳಿದಳು. ಎಲ್ಲರೂ ಎಲ್ಲರ ಮುಖ ನೋಡಿದರು. ಕೊನೆಗೆ ಮೇಷ್ಟ್ರು ಮೇಜು ಹಿಡಿದುಕೊಂಡು ಎದ್ದರು. ಅವರಿಗೀಗ ಎಂಬತ್ತೊಂದು. ಮಂಡಿ ನೋವು. ನಿಧಾನವಾಗಿ ಮೊದಲಿನಿಂದ ಹೇಳತೊಡಗಿದರು. ಅಜ್ಜಿಯ ಬಾಗಿಲು, ಏಳು ವರ್ಷದ ಓಡಾಟ, ಎಂಬತ್ತಾರು ಬೋರ್ಡು, ಸಭೆ, ಮೂವತ್ತೊಂಬತ್ತು ಕೈ.

"ಕೂತ್ಕೊಳ್ಳಿ ಸಾರ್, ಕೂತೇ ಹೇಳಿ," ಅಂದಳು ನರ್ಸ್, ಕನಿಕರದಿಂದ.

"ಇಲ್ಲಮ್ಮ," ಅಂದರು ಮೇಷ್ಟ್ರು.

ದೊಡ್ಡಪ್ಪ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತು ಯಾವುದೋ ಬೋರ್ಡಿಗೆ ನೀಲಿ ಬಣ್ಣ ಕಲಸುತ್ತಿದ್ದ. ಒಳಗೆ ಬರಲಿಲ್ಲ, ಯಾವತ್ತೂ ಬರುವುದಿಲ್ಲ. ಮೇಷ್ಟ್ರು ಕೊನೆಯ ತನಕ ಹೇಳಿ, ಉಸಿರು ಬಿಟ್ಟು, ಕುರ್ಚಿಗೆ ಕೈಯಿಟ್ಟರು. ಹೊರಗೆ ಕಡ್ಡಿ ತಿರುಗುವ ಸದ್ದು ನಿಂತಿತು.

"ನಾನು ಅಂಗೀಲಿ ಅಕ್ಷರ ಒರೆಸುವಾಗ ನಮ್ಮೋರೂ ಸುತ್ತ ಸುಮ್ನೆ ನಿಂತಿದ್ರು ಅನ್ನೋದು ಬಿಟ್ರಿ ಮೇಷ್ಟ್ರೇ," ಎಂದು ಕೇಳಿಸಿತು. "ಅಲ್ಲಿಂದ ಮತ್ತೆ ಹೇಳಿ."

ಮೇಷ್ಟ್ರು ಕುರ್ಚಿಯಿಂದ ಕೈ ತೆಗೆದರು.